ಟಿಕೆಟ್ಟು ಮುಗಿಯುವ ಊರು

ಹಾಂಗ್‌ಕಾಂಗಿನಿಂದ ಹೊರಟರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಉಳಿಯುತ್ತಿತ್ತು. ಪೇಯುನ್ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಪರದೆಯನ್ನು ಇನ್ನೊಮ್ಮೆ ನೋಡಿದಳು. ಸುಳ್ಳಲ್ಲ. ತೈಪೆಯಿಂದ ಸಾವೊ ಪೌಲೊಗೆ, ಅಲ್ಲಿಂದ ಸಮುದ್ರ ದಾಟಿ ಜೊಹಾನ್ಸ್‌ಬರ್ಗಿಗೆ, ಅಲ್ಲಿಂದ ವಾಪಸ್ಸು ತೈಪೆಗೆ ಎಂದು ಕೇಳಿದರೆ ಮನೆ ಮಾರಿ ಬನ್ನಿ ಅನ್ನುವಂಥ ದರ. ಅದೇ ದಾರಿ, ಅದೇ ವಿಮಾನ, ಮೊಣಕಾಲು ತಗಲುವ ಅದೇ ಸೀಟು, ಆದರೆ ಹಾಂಗ್‌ಕಾಂಗಿನಲ್ಲಿ ಶುರುವಾಗಿ ಹಾಂಗ್‌ಕಾಂಗಿನಲ್ಲೇ ಮುಗಿಯುವಂತೆ ಕೇಳಿದರೆ ಮನುಷ್ಯರು ಕೊಡಬಹುದಾದ ದರ. ಅವಳಿಗೆ ಸಂತೋಷವಾಯಿತು. ಸಂತೋಷವಾಯಿತು ಎನ್ನುವುದು ತನಗೇ ಗೊತ್ತಾದ ಕೂಡಲೇ ನಾಚಿಕೆಯೂ ಆಯಿತು. ಸತ್ತುಹೋದ ತಮ್ಮನನ್ನು ಮನೆಗೆ ಕರೆತರಲು ಹುಡುಕುತ್ತಿದ್ದ ಟಿಕೆಟ್ಟು ಅದು. ಸೈಕಲ್ ಚೈನಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಇವತ್ತು ರಜೆ ಹಾಕಿ ಕೂತಿದ್ದಳು. ಕೆಳಗೆ ಬೀದಿಯಲ್ಲಿ ಸೋಯಾಹಾಲಿನವನ ಒಲೆ ಆರಿ, ಅವನು ಬೆಂಚುಗಳನ್ನು ಒಳಗೆಳೆಯುವ ಸದ್ದು ಬರುತ್ತಿತ್ತು.

ಫಂಗ್‌ಯುವಾನ್ ಊರಿನ ಆ ಬೀದಿಯಲ್ಲಿ ಯಾರು ಎಲ್ಲಿಗೆ ಹೊರಟರೂ ಮೊದಲು ಪೇಯುನ್‌ಗೆ ಹೇಳುವುದು ರೂಢಿ. ಹೊರಗಿನ ಊರಿನಿಂದ ಟಿಕೆಟ್ಟು ಕೊಳ್ಳುವ ಉಪಾಯ ಈಗ ಎಲ್ಲರಿಗೂ ಗೊತ್ತು, ಆದರೆ ಅವಳಷ್ಟು ಚೆನ್ನಾಗಿ ಯಾರಿಗೂ ಕೈಹತ್ತಿಲ್ಲ. ನೀವಿರುವುದು ತೈವಾನಿನಲ್ಲಿ, ಸರಿ. ಆದರೆ ಟಿಕೆಟ್ಟಿನ ಪ್ರಕಾರ ನೀವು ಹಾಂಗ್‌ಕಾಂಗಿನವರು, ನಡುವೆ ತೈಪೆಯಲ್ಲಿ ಸುಮ್ಮನೆ ಇಳಿದವರು. ಒಂದು ಸಲ ಅಗ್ಗದ ವಿಮಾನ ಹಿಡಿದು ಹಾಂಗ್‌ಕಾಂಗಿಗೆ ಹೋಗಿ, ಅಲ್ಲಿಂದ ಶುರು ಮಾಡಿ ಬರಬೇಕು. ದಾರಿಯ ಮೊದಲ ತುಂಡು ಹಾರದಿದ್ದರೆ ಉಳಿದದ್ದೆಲ್ಲ ರದ್ದು. ಕೊನೆಯ ತುಂಡನ್ನು ಮಾತ್ರ ಯಾರೂ ಹಾರುವುದಿಲ್ಲ. ಹಿಂದಿರುಗುವಾಗ ತೈಪೆ ಬಂತೋ, ಕೈಚೀಲ ಹೆಗಲಿಗೇರಿಸಿ, ಗಗನಸಖಿಗೊಂದು ನಗೆ ಕೊಟ್ಟು ಇಳಿದುಬಿಡುವುದು. ಹಾಂಗ್‌ಕಾಂಗಿನ ತುಂಡು ಬಿಸಾಡಿದ ಹಾಗೆ. ಬೇರೆ ಹೆಂಗಸರು ಇಸ್ಪೀಟಿನಲ್ಲಿ ಗೆದ್ದಾಗ ಪಡುವ ಸುಖವನ್ನು ಪೇಯುನ್ ಆ ಇಳಿಯುವ ಗಳಿಗೆಯಲ್ಲಿ ಪಡುತ್ತಿದ್ದಳು. ಮದುವೆಯಾಗದೆ ಉಳಿದವಳು, ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟವಳು, ಜಗತ್ತಿನಲ್ಲಿ ಒಂದು ವಿಷಯಕ್ಕಾದರೂ ತನ್ನನ್ನು ಹುಡುಕಿಕೊಂಡು ಬರುತ್ತಾರಲ್ಲ ಎಂಬುದು ಅವಳಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಅಗ್ಗದ ಟಿಕೆಟ್ಟಿನ ಹುಚ್ಚಿರುವವರ ಗುಂಪೊಂದು ಫೋನಿನಲ್ಲಿತ್ತು. ಅಲ್ಲಿ ಅವಳ ಹೆಸರು ಗುಬ್ಬಚ್ಚಿ ಅಕ್ಕ. ನಿನ್ನೆ ದಾರಿಯನ್ನು ಬರೆದು, ಸಾವೊ ಪೌಲೊದಿಂದ ಜೊಹಾನ್ಸ್‌ಬರ್ಗಿಗೆ ಹೋಗುವ ವಿಮಾನ ತಪ್ಪಿದರೆ ಮುಂದಿನದು ಯಾವಾಗ ಎಂದು ಕೇಳಿದ್ದಳು. ಬೆಳಗಾಗುವಷ್ಟರಲ್ಲಿ ಗುಂಪು ಕುಣಿದಾಡಿತ್ತು. "ಮೂರು ಖಂಡ! ಗುಬ್ಬಚ್ಚಿ ಅಕ್ಕಂಗೆ ಲಾಟರಿ ಹೊಡೀತು ಕಣ್ರಪ್ಪೋ." "ಅಕ್ಕ, ಜಲಪಾತ ನೋಡ್ದೆ ಬಂದ್ರೆ ಮಾತಾಡ್ಸಲ್ಲ." "ಸಿಂಹದ್ ಹತ್ರ ಚೌಕಾಸಿ ಮಾಡ್ಬೇಡಿ, ಅದು ನಿಮ್ಮನ್ನೇ ಫ್ರೀಯಾಗಿ ತಿನ್ನುತ್ತೆ." ಯಾರೋ ಆನೆಯ ಚಿತ್ರ ಕಳಿಸಿದ್ದರು. ಅವಳು ತುಂಬ ಹೊತ್ತು ಆ ಆನೆಯನ್ನೇ ನೋಡಿದಳು. ಇದು ಪ್ರವಾಸವಲ್ಲ, ನನ್ನ ತಮ್ಮ ಅಲ್ಲಿ ಸತ್ತಿದ್ದಾನೆ, ಬೂದಿಯನ್ನೂ ಆತ್ಮವನ್ನೂ ತರಲು ಹೋಗುತ್ತಿದ್ದೇನೆ ಎಂದು ಬರೆಯಬಹುದಿತ್ತು. ಬರೆದರೆ ಎಲ್ಲರೂ ಒಮ್ಮೆಲೇ ಸುಮ್ಮನಾಗುತ್ತಾರೆ, ಒಬ್ಬೊಬ್ಬರಾಗಿ ಕೈಮುಗಿದ ಚಿತ್ರ ಹಾಕುತ್ತಾರೆ, ಇನ್ನು ಮುಂದೆ ತನ್ನ ಹತ್ತಿರ ತಮಾಷೆ ಮಾಡುವಾಗ ತಡವರಿಸುತ್ತಾರೆ. ಹೇಳದೆ ಇದ್ದರೆ ತಮ್ಮನ ಸಾವಿನ ಮೇಲೆ ನಿಂತು ಸುಳ್ಳು ಹೇಳಿದ ಹಾಗೆ. ಕೊನೆಗೆ ನಗುವ ಮುಖವೊಂದನ್ನು ಕಳಿಸಿದಳು. ಕಳಿಸಿದ ಮೇಲೆ ಕೈ ತೊಳೆದುಕೊಳ್ಳಬೇಕೆನಿಸಿ ಎದ್ದು ಹೋಗಿ ನಿಜವಾಗಿಯೂ ತೊಳೆದುಕೊಂಡಳು.

ಚುನ್‌ಲಾಂಗ್ ಮೂವತ್ತು ತುಂಬುವ ಮುಂಚೆಯೇ ಊರು ಬಿಟ್ಟವನು. ಅಮ್ಮ ತೀರಿಕೊಂಡು ಮನೆಯಲ್ಲಿ ಅನ್ನದ ಬಟ್ಟಲುಗಳ ಸದ್ದು ಕೂಡ ದೊಡ್ಡದಾಗಿ ಕೇಳಿಸುತ್ತಿದ್ದ ಕಾಲ ಅದು. ಆಗ ಇಲ್ಲಿಯ ಸ್ವೆಟರ್ ಕಾರ್ಖಾನೆಗಳೆಲ್ಲ ಯಂತ್ರ ಕಟ್ಟಿಕೊಂಡು ದಕ್ಷಿಣ ಆಫ್ರಿಕದ ಸಣ್ಣ ಸಣ್ಣ ಊರುಗಳಿಗೆ ಹೊರಟಿದ್ದವು. ಯಂತ್ರದ ಜೊತೆ ಅವನೂ ಹೋದ. ಕಾರ್ಖಾನೆಗಳು ಮುಚ್ಚಿದವು, ಬೇರೆಯವರು ಹೊರಟುಬಂದರು, ಅವನು ಉಳಿದ. ಹೆಂಡತಿ ಬೇಸತ್ತು ಮಗಳನ್ನು ಕರೆದುಕೊಂಡು ಸಾವೊ ಪೌಲೊದಲ್ಲಿ ಅಂಗಡಿ ಇಟ್ಟಿದ್ದ ತವರಿಗೆ ಹೋದಳು. ಈ ವಸಂತದಲ್ಲಿ ಅವನ ಎದೆಬಡಿತ ನಿಂತಿತು. ಅಲ್ಲಿಯ ನಮ್ಮವರೇ ದಹನ ಮಾಡಿ, ಬೂದಿಯ ಕರಡಿಗೆಯನ್ನು ಒಂದು ಸಣ್ಣ ದೇವಸ್ಥಾನದಲ್ಲಿ ಇಟ್ಟಿದ್ದರು. ಬೂದಿಯೇನೋ ಟಪಾಲಿನಲ್ಲಿ ಬೇಕಾದರೂ ಬಂದೀತು. ಆತ್ಮ ಹಾಗೆ ಬರುವುದಿಲ್ಲ. ಸತ್ತ ಜಾಗದಲ್ಲಿ ಹೆತ್ತ ಮಗಳು ಊದುಬತ್ತಿ ಹಿಡಿದು ಹೆಸರು ಕೂಗಬೇಕು. ಆಮೇಲೆ ದಾರಿಯುದ್ದಕ್ಕೂ ಹೇಳುತ್ತಿರಬೇಕು, ಸೇತುವೆ ಬಂತು ದಾಟೋಣ ಬಾ, ಸುರಂಗ ಬಂತು ಹೆದರಬೇಡ, ವಿಮಾನ ಹತ್ತುತ್ತಿದ್ದೇವೆ ಜೊತೆಗೇ ಇರು. ಹೇಳದಿದ್ದರೆ ಅವನು ಅಲ್ಲೇ, ಹೇಳದ ಜಾಗದಲ್ಲೇ, ನಿಂತುಬಿಡುತ್ತಾನೆ. ಮಗಳು ರೂಯಾನ್‌ಗೆ ಈಗಿನ್ನೂ ಹತ್ತೊಂಬತ್ತು. ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಆದ್ದರಿಂದ ಪೇಯುನ್ ಮೊದಲು ಅವಳನ್ನು ಸಾವೊ ಪೌಲೊದಿಂದ ಕರೆದುಕೊಂಡು, ಆಮೇಲೆ ಅವನಿರುವಲ್ಲಿಗೆ ಹೋಗಬೇಕಾಗಿತ್ತು.

ಕೆಳಗಿಳಿದಾಗ ಅಪ್ಪ ತನ್ನ ಹಳೆಯ ಕ್ಷೌರದ ಕುರ್ಚಿಯಲ್ಲಿ ಕೂತಿದ್ದ. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಕುರ್ಚಿಯನ್ನು ಮಾರಲು ಒಪ್ಪಿರಲಿಲ್ಲ. ಕನ್ನಡಿಯೂ ಹಾಗೇ ಇತ್ತು. ಅವನ ಜೊತೆ ಮಾತಾಡಬೇಕೆಂದರೆ ಕನ್ನಡಿಯಲ್ಲಿ ಮುಖ ನೋಡಿಕೊಂಡು ಮಾತಾಡಬೇಕು.

"ಸಿಕ್ತಾ?" ಅಂದ ಅಪ್ಪ.

"ಸಿಕ್ತು ಅಪ್ಪ. ಚೆನ್ನಾಗಿರೋದೇ ಸಿಕ್ತು. ಇವತ್ತು ರಾತ್ರಿ ತನಕ ದರ ಹಿಡಿದಿಟ್ಟಿರ್ತಾರೆ."

"ಎಷ್ಟು ಕಡೆ ಇಳಿದು ಹತ್ತಬೇಕು?"

"ಸುಮಾರು ಕಡೆ. ಎಲ್ಲಾ ಕಡೆನೂ ಕೂಗ್ತೀವಿ, ನೀನು ಯೋಚನೆ ಮಾಡ್ಬೇಡ."

"ಆ ಹುಡುಗಿಗೆ ನಮ್ಮ ಮಾತೇ ನೆಟ್ಟಗೆ ಬರಲ್ಲ. ಅವಳೇನ್ ಕೂಗ್ತಾಳೆ?"

"ನಾನ್ ಹೇಳ್ಕೊಡ್ತೀನಿ."

ಅಪ್ಪ ಕನ್ನಡಿಯಲ್ಲಿ ಅವಳನ್ನೇ ನೋಡಿದ. "ಕೊನೇಗೆ ಎಲ್ಲಿ ಇಳೀತೀರಿ?"

"ತೈಪೆಲಿ. ಟಿಕೆಟ್ಟು ಹಾಂಗ್‌ಕಾಂಗ್ ತನಕ ಇರುತ್ತೆ. ಅದನ್ನ ಬಿಸಾಕೋದು. ಎಲ್ರೂ ಹಂಗೇ ಮಾಡೋದು."

"ಬದುಕಿರೋರು ಮಾಡ್ತಾರೆ," ಅಂದ ಅಪ್ಪ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅಪ್ಪ ಕುರ್ಚಿಯ ಕೈ ಸವರುತ್ತ ಬಹಳ ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಚುನ್‌ಲಾಂಗ್ ನಿನ್ನ ಥರ ಅಲ್ಲ ಕಣೆ. ಚೀಟಿಲಿ ಏನು ಬರೆದಿರುತ್ತೋ ಅಲ್ಲಿಗೇ ಹೋಗೋನು. ಹಾಂಗ್‌ಕಾಂಗ್ ಅಂತ ಇದ್ರೆ ಹಾಂಗ್‌ಕಾಂಗಿಗೇ ಹೋಗ್ತಾನೆ. ನೀವಿಬ್ರೂ ತೈಪೆಲಿ ಇಳಿದು ಬಾ ಬಾ ಅಂತ ಕೂಗ್ತಿರಿ. ಅವನು ಬೆಲ್ಟ್ ಹಾಕ್ಕೊಂಡು ಸೀಟಲ್ಲೇ ಕೂತಿರ್ತಾನೆ."

"ಅವನಿಗೆ ಟಿಕೆಟ್ಟೇ ಇಲ್ವಲ್ಲ ಅಪ್ಪ!"

"ಮಗಳ ಟಿಕೆಟ್ಟೇ ಅವನ ಟಿಕೆಟ್ಟು."

ಅವಳಿಗೆ ನಗು ಬಂತು. ನಕ್ಕೂಬಿಟ್ಟಳು. ಮೆಟ್ಟಿಲು ಹತ್ತುತ್ತ ಇನ್ನೂ ನಗುತ್ತಿದ್ದವಳು ಅರ್ಧದಲ್ಲಿ ನಿಂತಳು. ಬೆಲ್ಟ್ ಹಾಕಿಕೊಂಡು ಕೂತ ಚುನ್‌ಲಾಂಗ್ ಕಣ್ಣಿಗೆ ಕಟ್ಟಿದ. ವಿಮಾನ ಖಾಲಿಯಾಗುತ್ತಿದೆ, ಜನ ಚೀಲ ಇಳಿಸಿಕೊಳ್ಳುತ್ತಿದ್ದಾರೆ, ಅವನು ಯಾರಿಗೂ ಅಡ್ಡವಾಗದ ಹಾಗೆ ಮೊಣಕಾಲು ಮಡಿಸಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಾನೆ. ಹೊರಗೆ ಕಾಣುತ್ತಿರುವುದು ತನ್ನದೇ ದೇಶ ಎಂದು ಅವನಿಗೆ ಗೊತ್ತು. ಆದರೆ ಇಳಿಯಬಹುದೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ, ಕೇಳುವ ಸ್ವಭಾವವೇ ಅವನದಲ್ಲ. ಮೊದಲ ಸಲ ಹೊರಟಾಗಲೂ ವಿಮಾನನಿಲ್ದಾಣದಲ್ಲಿ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಬಿಸಿ ಬಟ್ಟಲು ಹಿಡಿದ ಹಾಗೆ. "ಜೇಬಲ್ಲಿ ಇಟ್ಕೊಳೋ, ಯಾರೂ ಕಿತ್ಕೊಳಲ್ಲ," ಎಂದು ಅವಳು ರೇಗಿಸಿದ್ದಳು. ಅವನು ಕಿವಿಯವರೆಗೂ ಕೆಂಪಾಗಿ ಜೇಬಿಗಿಟ್ಟುಕೊಂಡು, ಅವಳು ಆಚೆ ತಿರುಗಿದ ಕೂಡಲೇ ಮತ್ತೆ ತೆಗೆದು ಹಿಡಿದುಕೊಂಡಿದ್ದ. ಇದೆಲ್ಲ ಮೂಢತನ, ಟಿಕೆಟ್ಟು ಎಂಬುದು ಕಂಪನಿಯವರ ಲೆಕ್ಕಾಚಾರ, ಸತ್ತವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡು ಮೇಲೆ ಹೋಗಿ ಕೂತಳು. ಹಣ ಕಟ್ಟುವ ಗುಂಡಿಯ ಮೇಲೆ ಬೆರಳು ಇಟ್ಟರೂ ಒತ್ತಲಾಗಲಿಲ್ಲ. ಸೇತುವೆ ಬಂದಾಗ ಸೇತುವೆ ಬಂತೆಂದು ಸತ್ತವನಿಗೆ ಹೇಳಲು ನಾಚದವಳು ಇಷ್ಟಕ್ಕೆ ಯಾಕೆ ಮೂಢತನವೆನ್ನಬೇಕು? ನಂಬುವುದರಲ್ಲೂ ತಾನು ಅಗ್ಗದ ಭಾಗವನ್ನಷ್ಟೇ ಆರಿಸಿಕೊಳ್ಳುತ್ತಿದ್ದೇನೆ ಅನ್ನಿಸಿ ಸಿಟ್ಟು ಬಂತು, ಅಪ್ಪನ ಮೇಲೆ, ತನ್ನ ಮೇಲೆ, ಒಂದು ಮಾತೂ ಕೇಳದೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ ತಮ್ಮನ ಮೇಲೆ.

ಮಧ್ಯಾಹ್ನ ಹಂದಿಮಾಂಸದ ಅನ್ನ ತಿಂದು ಅಪ್ಪ, ತೀರಿಹೋದ ಅಮ್ಮನ ಹೆಸರು ಬರೆದು ಪೂಜೆಗಿಟ್ಟ ಫಲಕದ ಮುಂದೆ ನಿಂತ. ಮಗನ ಸಾವಿಗೆ ಅಪ್ಪ ಊದುಬತ್ತಿ ಹಚ್ಚುವಂತಿಲ್ಲ. ಕಿರಿಯರು ಮುಂದೆ ಹೋದರೆ ಹಿರಿಯರು ಕಳಿಸಿಕೊಡಲು ಹೋಗಬಾರದು, ಅಳಲೂಬಾರದು. ಈ ಎರಡು ತಿಂಗಳಲ್ಲಿ ಅಪ್ಪ ಅತ್ತದ್ದನ್ನು ಅವಳು ಕಂಡಿರಲಿಲ್ಲ. ಅವನು ತಿನ್ನುವುದು ಮಾತ್ರ ಕಡಿಮೆಯಾಗುತ್ತ ಬಂದಿತ್ತು. ಆದರೆ ಅಮ್ಮನ ಹತ್ತಿರ ಮಾತಾಡಲು ಯಾವ ಅಡ್ಡಿಯೂ ಇಲ್ಲ. ಅರ್ಧಚಂದ್ರದಂಥ ಕೆಂಪು ಮರದ ತುಂಡುಗಳೆರಡನ್ನು ಹಣೆಗೆ ಮುಟ್ಟಿಸಿಕೊಂಡು ಕೇಳಿದ. "ನಿನ್ನ ಮಗ ತೈಪೆಲಿ ಇಳೀತಾನೇನೇ?" ಎಸೆದ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದು ಅಂತ. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತ ಬಿದ್ದು ನೆಲದ ಮೇಲೆ ತೊಟ್ಟಿಲ ಹಾಗೆ ತೂಗಾಡಿದವು. ಹಾಗೆ ಬಿದ್ದರೆ ಅಮ್ಮ ನಗುತ್ತಿದ್ದಾಳೆ ಎಂದರ್ಥ. ಮತ್ತೆ ಎಸೆದ, ಮತ್ತೆ ನಕ್ಕಳು.

"ನಗ್ತಾಳೆ," ಅಂದ ಅಪ್ಪ ಮುಖ ಸಿಂಡರಿಸಿಕೊಂಡು. "ಅವಳಿಗೇನು, ಒಲೆ ಹೊತ್ತಿ ಉರೀತಿದ್ರೂ ನಗ್ತಿದ್ಲು."

"ಪ್ರಶ್ನೆ ಸರಿಯಾಗಿ ಕೇಳು ಅಪ್ಪ."

"ಇನ್ನು ಹೆಂಗೆ ಕೇಳ್ಲಿ?" ಎಂದು ತುಂಡುಗಳನ್ನು ಜಾಗದಲ್ಲಿಟ್ಟು ಅವನು ಮತ್ತೆ ಕುರ್ಚಿಗೆ ಹೋದ.

ರೂಯಾನ್ ಫೋನ್ ಮಾಡಿದಾಗ ಇಲ್ಲಿ ಬೀದಿದೀಪ ಹತ್ತುವ ಹೊತ್ತು, ಅಲ್ಲಿ ಬೆಳಗು. ಹುಡುಗಿ ನಮ್ಮ ಮಾತನ್ನು ಒಂದೊಂದೇ ಕಾಳು ಆರಿಸಿದ ಹಾಗೆ ಆಡುತ್ತಾಳೆ. ಚಳಿಗೆ ಕೋಟು ಬೇಕೇ, ಅಪ್ಪನ ಬೂದಿಯ ಕರಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಬಿಡುತ್ತಾರೆಯೇ ಎಂದೆಲ್ಲ ಕೇಳಿದಳು. ಪೇಯುನ್ ಎಲ್ಲಕ್ಕೂ ಉತ್ತರ ಕೊಟ್ಟಳು. ಅಂಥ ಪ್ರಶ್ನೆಗಳಲ್ಲಿ ಅವಳು ಗಟ್ಟಿ.

"ಟಿಕೆಟ್ ಆಯ್ತಾ ಅತ್ತೆ? ಕಾಯ್ಬೇಕಾ?"

"ಯಾಕೆ ಹಂಗೆ ಕೇಳ್ತೀಯ?"

"ಅಪ್ಪ ಹೇಳ್ತಿದ್ರು. ಪ್ರತಿ ಹೊಸ ವರ್ಷ. ನಿಮ್ಮತ್ತೆ ಟಿಕೆಟ್ ಹುಡುಕ್ತಿದಾರೆ, ಅವರಷ್ಟು ಅಗ್ಗಕ್ಕೆ ಯಾರಿಗೂ ಸಿಗಲ್ಲ, ಸಿಕ್ಕಿದ ದಿನ ಎಲ್ರೂ ಊರಿಗೆ ಹೋಗೋಣ, ತಾತನ್ನ ನೋಡೋಣ ಅಂತ. ನಮ್ಮಮ್ಮನ ಹತ್ರನೂ ಹೇಳ್ತಿದ್ರು. ಅಲ್ಲಿ ಅಂಗಡಿಯವ್ರ ಹತ್ರನೂ. ತುಂಬಾ ಜಂಬ ಅವರಿಗೆ." ಹುಡುಗಿ ಸಣ್ಣಗೆ ನಕ್ಕಳು. "ನಾನು ಸೂಟ್‌ಕೇಸ್ ಕೂಡ ಇಟ್ಕೊಂಡಿದ್ದೆ."

ಅವಳಿಗೆ ನೋಯಿಸುವ ಉದ್ದೇಶವಿರಲಿಲ್ಲ. ಇದ್ದಿದ್ದರೆ ತಿರುಗಿ ಬೈಯಬಹುದಿತ್ತು. ಫೋನ್ ಇಟ್ಟ ಮೇಲೆ ಪೇಯುನ್ ದೀಪ ಹಾಕದೆ ಕೂತಳು. ತಾಳೋ, ಇನ್ನೂ ಇಳಿಯುತ್ತೆ. ಅದು ಅವಳದೇ ಮಾತು. ಯಾರಿಗಾದರೂ ಹೇಳುವ ಮಾತು, ದಿನಕ್ಕೊಮ್ಮೆ ಹೇಳುವ ಮಾತು. ಹೊಸ ವರ್ಷಕ್ಕೆ ದರ ಏರಿರುತ್ತದೆ, ಹಬ್ಬ ಕಳೆಯಲಿ ತಾಳು. ಬೇಸಿಗೆ ರಜೆ, ಈಗ ಯಾರು ಕೊಳ್ಳುತ್ತಾರೆ, ತಾಳು. ಒಂದು ಸಲ ನಿಜವಾಗಿಯೂ ಇಳಿದಿತ್ತು, ಅವಳು ಸಡಗರದಿಂದ ಹೇಳಿದ್ದಳು, ಆಗ ಅವನಿಗೆ ಏನೋ ಕೆಲಸವಿತ್ತು. ಅವನು ಬಿಡುವಾಗುವಷ್ಟರಲ್ಲಿ ಮತ್ತೆ ಏರಿತ್ತು. "ಸರಿ ಅಕ್ಕ," ಅನ್ನುತ್ತಿದ್ದ. ಅವನ ಹತ್ತಿರ ದುಡ್ಡು ಇರಲಿಲ್ಲವೇ? ಇತ್ತು. ತಾನೇ ಹೋಗಿ ಒಂದು ಟಿಕೆಟ್ಟು ಕೊಳ್ಳಲು ಬಾರದವನೇ? ಅಷ್ಟು ದಡ್ಡನಲ್ಲ. ಅವಳು ಹುಡುಕಿಕೊಡುತ್ತಾಳೆ ಎನ್ನುವುದು ಅವನಿಗೆ ಟಿಕೆಟ್ಟಿಗಿಂತ ಹೆಚ್ಚಾಗಿತ್ತೇನೋ, ಅವಳಿಗೂ ಅವನು ಕಾಯುತ್ತಾನೆ ಎನ್ನುವುದು ಹಾಗೇ ಇತ್ತು. ಆ ಸಾವಿರಾರು ಮೈಲಿಯ ಮೇಲೆ ಅವರಿಬ್ಬರ ನಡುವೆ ಆಡಲು ಬೇರೆ ಮಾತೇ ಇರಲಿಲ್ಲ. ಹೇಗಿದ್ದೀಯ ಎಂದು ಕೇಳುವ ಬದಲು ದರ ಹೇಗಿದೆ ಎಂದು ಅವನು ಕೇಳುತ್ತಿದ್ದ. ಎದೆ ನೋವಿನ ವಿಷಯ ಅವನು ಹೇಳಿರಲಿಲ್ಲ. ಅವಳು ಕೇಳಿರಲೂ ಇಲ್ಲ. ದುಃಖ ಈಗ, ಎರಡು ತಿಂಗಳು ತಡವಾಗಿ, ನೇರವಾಗಿ ಬಂತು. ತೋಳಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಮುಖ ಒರೆಸಿಕೊಂಡು ಪರದೆ ತೆರೆದು, ದುಬಾರಿಯ ಟಿಕೆಟ್ಟನ್ನು ಹುಡುಕಿ ತೆಗೆದಳು. ತೈಪೆಯಲ್ಲೇ ಮುಗಿಯುವುದು. ಇಬ್ಬರಿಗೆ ಸೇರಿ, ಮುಪ್ಪಿಗೆಂದು ಕೂಡಿಟ್ಟದ್ದರಲ್ಲಿ ಹೆಚ್ಚಿನ ಪಾಲು ಹೋಗುತ್ತಿತ್ತು. ಹೋಗಲಿ. ಹೋಗಲಿ ಅನ್ನುವಾಗ ಒಂದು ಬಗೆಯ ಕೆಟ್ಟ ನೆಮ್ಮದಿಯೂ ಇತ್ತು, ದಂಡ ಕಟ್ಟಿ ಹೊರಬರುವವರ ನೆಮ್ಮದಿ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಪ್ಪನ ಉಸಿರು ಕೇಳಿಸಿತು. ಮಂಡಿನೋವೆಂದು ಅವನು ಮೇಲೆ ಬರುವುದನ್ನೇ ಬಿಟ್ಟಿದ್ದ.

"ಯಾವುದು ಅದು?" ಅಂದ, ಬಾಗಿಲ ಚೌಕಟ್ಟು ಹಿಡಿದು.

"ತೈಪೆಲೇ ಮುಗಿಯೋದು. ನೀನು ಹೇಳಿದ್ದೇ ಸರಿ. ಇದನ್ನೇ ತಗೋತೀನಿ."

"ಎಷ್ಟು?"

ಹೇಳಿದಳು. ಅಪ್ಪ ಮಂಚದ ಮೇಲೆ ಕೂತುಬಿಟ್ಟ. "ತಲೆ ಕೆಟ್ಟಿದೆಯೇನೇ ನಿಂಗೆ? ಬೇಡ. ಅಗ್ಗದ್ದೇ ತಗೋ."

"ಅವನು ಹಾಂಗ್‌ಕಾಂಗಿಗೆ ಹೋಗ್ಬಿಡ್ತಾನೆ ಅಂದ್ಯಲ್ಲ!"

"ಹೋಗ್ಲಿ. ಅಕ್ಕ ಹುಡುಕಿಕೊಟ್ಟ ಟಿಕೆಟ್ಟು, ಅವನಿಗೆ ಕೊನೇ ತನಕ ಕೂತ್ಕೊಂಡು ಹೋಗೋ ಆಸೆ ಇರುತ್ತೆ. ನೀವೂ ಇಳೀಬೇಡಿ, ಅವನ ಜೊತೆ ಪೂರ್ತಿ ಹೋಗಿ." ಅಪ್ಪ ಮಂಡಿ ಉಜ್ಜಿಕೊಂಡ. "ನಾನು ಅಲ್ಲಿರ್ತೀನಿ."

"ಎಲ್ಲಿ?"

"ಹಾಂಗ್‌ಕಾಂಗಲ್ಲಿ. ಟಿಕೆಟ್ಟು ಎಲ್ಲಿ ಮುಗಿಯುತ್ತೋ ಅಲ್ಲಿ. ಅಲ್ಲಿಂದ ಎಲ್ರೂ ಒಟ್ಟಿಗೆ ಮನೆಗೆ ಬರೋಣ. ಹಿರಿಯೋರು ಕಳಿಸೋಕೆ ಹೋಗಬಾರದು ಅಂತ ಇದೆ. ಕರ್ಕೊಂಡ್ ಬರೋಕೆ ಹೋಗಬಾರದು ಅಂತ ಯಾವನೂ ಹೇಳಿಲ್ಲ. ಬೆಳಿಗ್ಗೆಯಿಂದ ಅದನ್ನೇ ಯೋಚನೆ ಮಾಡ್ತಿದ್ದೆ. ನಿಮ್ಮಮ್ಮನ್ನ ಈಗ ಮತ್ತೆ ಕೇಳ್ದೆ. ಒಂದೇ ಸಲಕ್ಕೆ ಹೂಂ ಅಂದ್ಲು."

"ನೀನು ವಿಮಾನ ಹತ್ತಿದ್ದೇ ಇಲ್ಲ ಅಪ್ಪ. ಪಾಸ್‌ಪೋರ್ಟೇ ಇಲ್ಲ ನಿಂಗೆ."

"ಮಾಡ್ಸು."

"ಈ ಮಂಡಿ ಇಟ್ಕೊಂಡು..."

"ಕೂತ್ಕೊಂಡ್ ತಾನೇ ಹೋಗೋದು? ಜೀವಮಾನ ಪೂರ್ತಿ ನಾನು ನಿಂತ್ಕೊಂಡೇ ಕೆಲಸ ಮಾಡಿರೋದು, ಊರೋರೆಲ್ಲ ಕೂತಿದ್ರು."

ಅವಳು ಅವನ ಮುಖ ನೋಡಿದಳು. ಕನ್ನಡಿಯಿಲ್ಲದೆ ಅಷ್ಟು ಹತ್ತಿರದಿಂದ ನೋಡಿ ಬಹಳ ಕಾಲವಾಗಿತ್ತು. ಕಣ್ಣಂಚು ಕೆಂಪಾಗಿತ್ತು. ಅಳಬಾರದು ಎಂಬ ಕಟ್ಟಳೆಯನ್ನು ಅವನು ಕೆಳಗೆ ಒಬ್ಬನೇ ಎಷ್ಟು ಸಲ ಮುರಿದಿದ್ದನೋ.

"ಅಲ್ಲಿ ನಿಂತು ಏನಂತ ಕೂಗ್ತೀಯ?" ಎಂದು ಕೇಳಿದಳು.

"ಏನಂತ ಕೂಗೋದು. ಊಟಕ್ಕೆ ಬಾರೋ ಅಂತೀನಿ. ಆ ಮಾತಿಗೆ ಅವನು ಯಾವತ್ತೂ ಎರಡು ಸಲ ಕೂಗಿಸ್ಕೊಂಡಿಲ್ಲ."

ಅವಳು ದುಬಾರಿಯದನ್ನು ಮುಚ್ಚಿ, ಹಿಡಿದಿಟ್ಟಿದ್ದ ಅಗ್ಗದ ಟಿಕೆಟ್ಟಿಗೆ ಹಣ ಕಟ್ಟಿದಳು, ತನಗೊಂದು, ರೂಯಾನ್‌ಗೆ ಸಾವೊ ಪೌಲೊದಿಂದ ಹಾಂಗ್‌ಕಾಂಗ್ ತನಕದ್ದೊಂದು. ಆಮೇಲೆ ತೈಪೆಯಿಂದ ಹಾಂಗ್‌ಕಾಂಗಿಗೆ, ತಾವಿಬ್ಬರೂ ತಲುಪುವ ದಿನಕ್ಕೆ, ಅಪ್ಪನ ಹೆಸರು ಹಾಕಿದಳು. ಪರದೆಯ ಮೇಲೆ ಉದ್ದಕ್ಕೂ ವಿಮಾನಗಳು ಬಂದು ನಿಂತವು. ಅವುಗಳನ್ನು ದರದ ಪ್ರಕಾರ ಜೋಡಿಸುವ ಗುಂಡಿ ಎಲ್ಲಿದೆಯೆಂದು ಅವಳ ಬೆರಳಿಗೆ ನಿದ್ದೆಯಲ್ಲೂ ಗೊತ್ತು. ಬೆರಳು ಅತ್ತ ಹೋಗಲಿಲ್ಲ. ಎಲ್ಲಕ್ಕಿಂತ ಮೇಲಿದ್ದ, ಕಿಟಕಿಯ ಪಕ್ಕ ಸೀಟು ಇದ್ದ ವಿಮಾನವನ್ನು ಒತ್ತಿದಳು. ಹಣ ಹೋಯಿತೆಂದು ಸಣ್ಣ ಸದ್ದಾಯಿತು.

"ಆಯ್ತಾ?"

"ಆಯ್ತು."

"ನಂದು ಎಷ್ಟು?"

"ನೋಡ್ಲಿಲ್ಲ ಅಪ್ಪ."

"ನೋಡ್ಲಿಲ್ವಾ?" ಅಪ್ಪನಿಗೆ ನಿಜವಾಗಿಯೂ ಸಿಟ್ಟು ಬಂತು. "ಊರೋರಿಗೆಲ್ಲ ಬುದ್ಧಿ ಹೇಳೋಳು! ಮುಂದಿನ ವಾರ ಇಳಿದ್ರೆ ಏನೇ ಮಾಡ್ತೀಯ?"

"ಇಳೀಲಿ ಬಿಡು," ಅಂದಳು ಪೇಯುನ್.